ಶಫಲ್ ಒತ್ತದೆ (ಹಾಡುಗಳ ಕ್ರಮ ಕಲಸದೆ) ಕೇಳಲೇಬೇಕಾದ ಆಲ್ಬಂ ಯಾವುದು? ಕಾರಣ ಸಮೇತ ಹೇಳಿ

ಬೂಟಿನ ಡಬ್ಬ

ಮೊನ್ನೆ ಅಟ್ಟ ಗುಡಿಸುವಾಗ ಹಳೇ ಬೂಟಿನ ಡಬ್ಬ ಒಂದು ಸಿಕ್ಕಿತು. ಒಳಗೆ ಹದಿನೆಂಟು ಕ್ಯಾಸೆಟ್. ಒಂದರ ಮೇಲೆ ನನ್ನದೇ ಕೋಳಿಕಾಲು ಅಕ್ಷರ: ‘ಮೈಕಲ್ ಜಾಕ್ಸನ್, ಥ್ರಿಲ್ಲರ್’. ಪಿಯುಸಿ ಓದುವಾಗ ನಮ್ಮೂರಿನ ಒಂದು ಅಂಗಡಿಯಲ್ಲಿ ತುಂಬಿಸಿಕೊಂಡಿದ್ದು. ಖಾಲಿ ಕ್ಯಾಸೆಟ್ ನಾವು ಕೊಟ್ಟರೆ ಅವರು ಹಾಡು ತುಂಬಿಸಿ ಕೊಡುತ್ತಿದ್ದ ಕಾಲ ಅದು. ಆ ಪುಣ್ಯಾತ್ಮ ಏನು ಮಾಡಿದ್ದ ಅಂದರೆ, ಹಿಟ್ ಹಾಡುಗಳನ್ನೆಲ್ಲ ಮುಂದಕ್ಕೆ ತಂದು, ತನಗೆ ಸಪ್ಪೆ ಅನ್ನಿಸಿದ ಎರಡನ್ನು ಕಿತ್ತು, ಮಿಕ್ಕ ಜಾಗಕ್ಕೆ ಯಾವುದೋ ಡಿಸ್ಕೋ ಸುರಿದಿದ್ದ. ಹತ್ತು ವರ್ಷ ನಾನು ಥ್ರಿಲ್ಲರ್ ಆಲ್ಬಂ ಶುರುವಾಗುವುದೇ ‘ಬಿಲ್ಲಿ ಜೀನ್’ನಿಂದ ಅಂತ ನಂಬಿಕೊಂಡಿದ್ದೆ.

ಸಿಡಿ ಕೊಂಡಾಗ ನೋಡಿದರೆ ಅದು ಆರನೇ ಹಾಡು! ಎಲ್‌ಪಿಯಲ್ಲಿ, ಅಂದರೆ ಹಳೇ ಗ್ರಾಮಫೋನ್ ತಟ್ಟೆಯಲ್ಲಿ, ಮೊದಲ ಸೈಡು ಮುಗಿಯುವುದು ‘ಥ್ರಿಲ್ಲರ್’ ಹಾಡಿಗೆ, ನಟ ವಿನ್ಸೆಂಟ್ ಪ್ರೈಸ್ ಅವರ ಆ ದೆವ್ವದ ನಗುವಿಗೆ. ಎದ್ದು ಹೋಗಿ ತಿರುಗಿಸಿ ಹಾಕಿದರೆ ಕಾದು ಕೂತಿರುವುದು ‘ಬೀಟ್ ಇಟ್’. ಅದರ ಬೆನ್ನಿಗೇ ಬಿಲ್ಲಿ ಜೀನ್. ಹಾಗೆ ಕೇಳಿದ ದಿನ ಅದು ಬೇರೆಯೇ ಹಾಡು ಅನ್ನಿಸಿತು.

1982ರಲ್ಲಿ ಈ ಆಲ್ಬಂ ಮುಗಿಯಿತು ಅಂದುಕೊಂಡು ಎಲ್ಲರೂ ಕೂತು ಕೇಳಿದರಂತೆ. ಸದ್ದು ಪೇಲವ. ಪ್ರೊಡ್ಯೂಸರ್ ಕ್ವಿನ್ಸಿ ಜೋನ್ಸ್ ಕಂಡುಕೊಂಡ ಕಾರಣ ಸರಳ. ಒಂದೊಂದು ಸೈಡಿಗೂ ನಿಮಿಷ ಜಾಸ್ತಿ ತುಂಬಿದ್ದರು. ಬೇಸ್ (ತಗ್ಗು ದನಿ) ಜೋರಾಗಿ ಬರಬೇಕಾದರೆ ಎಲ್‌ಪಿಯ ಗೀರು ಅಗಲವಾಗಿರಬೇಕು. ನಿಮಿಷ ಹೆಚ್ಚಾದರೆ ಗೀರುಗಳನ್ನು ಒತ್ತೊತ್ತಾಗಿ ಕೊರೆಯಬೇಕು, ಆಗ ಸದ್ದು ಸೊರಗುತ್ತದೆ. ಹಾಡುಗಳಿಗೆ ಕತ್ತರಿ ಹಾಕಿ, ದಿನಕ್ಕೊಂದರಂತೆ ಮತ್ತೆ ಮಿಕ್ಸ್ ಮಾಡಿದರು. ಬಿಲ್ಲಿ ಜೀನ್ ಶುರುವಾಗುವ ಮುಂಚೆ ಸುಮಾರು ಅರ್ಧ ನಿಮಿಷ ಬರೀ ಡ್ರಮ್ಸು, ಬೇಸು ಇದೆಯಲ್ಲ, ಅದನ್ನೂ ಕತ್ತರಿಸೋಣ ಅಂದರು ಕ್ವಿನ್ಸಿ. ಅದನ್ನು ಕೇಳಿದರೇ ನನಗೆ ಕುಣಿಯಬೇಕು ಅನ್ನಿಸುವುದು ಅಂದರು ಜಾಕ್ಸನ್. ಉಳಿಯಿತು. ಕೊನೆಗೆ ಒಂಬತ್ತು ಹಾಡು, 42 ನಿಮಿಷ. ಅಮೆರಿಕದ ಪಟ್ಟಿಯಲ್ಲಿ 37 ವಾರ ಮೊದಲ ಸ್ಥಾನ.

ಈಗ ನಿಮ್ಮ ಸರದಿ. ಹಿಪ್-ಹಾಪ್, ರಾಕ್, ಪಾಪ್ ಯಾವುದಾದರೂ ಸರಿ. ಒಬ್ಬರಿಗೆ ಒಂದೇ ಆಲ್ಬಂ. ‘ಸೂಪರ್’ ಅಂತ ಬರೆದು ಓಡಿಹೋಗಬೇಡಿ. ಅದೇ ಕ್ರಮದಲ್ಲಿ ಯಾಕೆ ಕೇಳಬೇಕು ಅಂತ ಹೇಳಿ.

ಮಿಶ್ರಛಾಪು

ಎಲ್ಲರೂ ಹೇಳುವುದನ್ನು ನಾನೇ ಮೊದಲು ಹೇಳಿ ಮುಗಿಸುತ್ತೇನೆ. ಪಿಂಕ್ ಫ್ಲಾಯ್ಡ್ ಬ್ಯಾಂಡಿನ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’, 1973.

ಇದು ಸುಮಾರು 43 ನಿಮಿಷದ್ದು. 90 ನಿಮಿಷದ ಕ್ಯಾಸೆಟ್ಟಿನ ಒಂದು ಸೈಡು 45 ನಿಮಿಷ. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂರುತ್ತದೆ. ಹಾಗಾಗಿ ಕ್ಯಾಸೆಟ್ಟಿನಲ್ಲಿ ಕೇಳಿದ ನಮ್ಮಂಥವರಿಗೆ ಎಲ್‌ಪಿಯವರಿಗೆ ಸಿಗದ ಒಂದು ಭಾಗ್ಯ ಸಿಕ್ಕಿತ್ತು. ಎಲ್‌ಪಿಯಲ್ಲಿ ‘ದಿ ಗ್ರೇಟ್ ಗಿಗ್ ಇನ್ ದಿ ಸ್ಕೈ’ ಆದಮೇಲೆ ಎದ್ದು ತಿರುಗಿಸಬೇಕು. ನಮಗೆ ಆ ಹಾಡಿನ ಹೆಂಗಸಿನ ಕೂಗು ಕರಗಿ ಹೋಗುತ್ತಿದ್ದಂತೆಯೇ ‘ಮನಿ’ ಹಾಡಿನ ಚಿಲ್ಲರೆ ಸದ್ದು. ಸಾವಿನ ಹಾಡಿನಿಂದ ಸೀದಾ ಗಲ್ಲಾಪೆಟ್ಟಿಗೆಗೆ.

ಆ ಚಿಲ್ಲರೆ ಸದ್ದಿನದೂ ಒಂದು ಕತೆ. ಬ್ಯಾಂಡಿನ ರೋಜರ್ ವಾಟರ್ಸ್ ಅವರ ಹೆಂಡತಿ ಮಡಕೆ ಮಾಡುವವರು. ಜೇಡಿಮಣ್ಣು ಕಲಸುವ ಅವರ ಬೋಗುಣಿಗೆ ನಾಣ್ಯ ಎಸೆದು ರೆಕಾರ್ಡ್ ಮಾಡಿದರು. ಕಾಗದ ಹರಿಯುವುದು, ಗಲ್ಲಾಪೆಟ್ಟಿಗೆ ಕಿಣಿ ಅನ್ನುವುದು, ಹೀಗೆ ಏಳು ಸದ್ದು. ಟೇಪನ್ನು ಸ್ಕೇಲ್ ಇಟ್ಟು ಅಳೆದು, ಕತ್ತರಿಸಿ, ಅಂಟಿಸಿ ಒಂದು ಬಳೆ ಮಾಡಿ ಸುತ್ತಲು ಬಿಟ್ಟರು. ಈಗ ಇಪ್ಪತ್ತು ಸೆಕೆಂಡಿನ ಕೆಲಸ, ಆಗ ಒಂದು ದಿನದ್ದು.

ಏಳು ಯಾಕೆ ಅಂದರೆ ಹಾಡೇ ಏಳರ ಎಣಿಕೆ. ಮೃದಂಗ ಕಲಿಯುತ್ತಿದ್ದಾಗ ಮೊದಲ ಸಲ ಕೇಳಿ ತೊಡೆಯ ಮೇಲೆ ತಕಿಟ ತಕಧಿಮಿ ಹಾಕಿ ನೋಡಿದೆ. ಕೂತೇ ಬಿಟ್ಟಿತು! ಗಿಟಾರ್ ಸೋಲೋ ಬಂದಾಗ ಮಾತ್ರ ತಪ್ಪುತ್ತಿತ್ತು. ನನ್ನ ಕೈಯೇ ಸರಿ ಇಲ್ಲ ಅಂದುಕೊಂಡಿದ್ದೆ. ನಿಜ ಏನೆಂದರೆ ಅಲ್ಲಿ ಅವರು ನಾಲ್ಕರ ಎಣಿಕೆಗೆ ಇಳಿದು, ಸೋಲೋ ಮುಗಿಸಿ ಮತ್ತೆ ಏಳಕ್ಕೆ ಬರುತ್ತಾರೆ.

ಇನ್ನು ಆ ಕೂಗು. ಕ್ಲೇರ್ ಟೋರಿ ಅನ್ನುವ ಗಾಯಕಿ ಒಂದು ಭಾನುವಾರ ಸ್ಟುಡಿಯೋಗೆ ಬಂದು ಹಾಡಿ, 30 ಪೌಂಡ್ ಇಸಕೊಂಡು ಹೋದರು. ಹಾಡಲು ಒಂದು ಪದವೂ ಕೊಟ್ಟಿರಲಿಲ್ಲ. ಮೂವತ್ತು ವರ್ಷ ಕಳೆದ ಮೇಲೆ ಕೋರ್ಟಿಗೆ ಹೋದರು, 2005ರಲ್ಲಿ ರಾಜಿಯಾಯಿತು. ಈಗ ಆ ಹಾಡಿನ ರಚನೆಯಲ್ಲಿ ಅವರ ಹೆಸರೂ ಇದೆ.

ಸ್ಕಿಪ್ ಸುಬ್ಬ

ಬೇಜಾರು ಮಾಡ್ಕೋಬೇಡಿ ಅಂಕಲ್‌ಗಳೇ. ನನಗೆ ಇಪ್ಪತ್ತೆರಡು. ನಾನು ಹಾಡು ಕೇಳುತ್ತೇನೆ, ಆಲ್ಬಂ ಕೇಳುವುದಿಲ್ಲ. ಜಿಮ್ಮಿಗೆ ಒಂದು ಲಿಸ್ಟು, ಬಸ್ಸಿಗೆ ಒಂದು ಲಿಸ್ಟು. ಇಷ್ಟವಾಗದಿದ್ದರೆ ಹತ್ತು ಸೆಕೆಂಡಿಗೆ ಮುಂದೆ. ನೀವು ಕ್ರಮದಲ್ಲಿ ಕೇಳಿದ್ದು ಕ್ಯಾಸೆಟ್ಟಿನಲ್ಲಿ ಮುಂದೆ ಓಡಿಸುವುದು ಕಷ್ಟ ಅಂತ ಅಷ್ಟೇ ಅಲ್ವಾ?

ಬೂಟಿನ ಡಬ್ಬ

ಅರ್ಧ ನಿಜ ಮಾರಾಯ. ಓಡಿಸಿದರೆ ಬ್ಯಾಟರಿ ಹೋಗುತ್ತಿತ್ತು. ಪೆನ್ಸಿಲ್ ಹಾಕಿ ಸುತ್ತುವಷ್ಟು ಪುರುಸೊತ್ತು ಎಲ್ಲರಿಗೂ ಇರಲಿಲ್ಲ.

ಆದರೆ ಇದು ಮುದುಕರ ಹಟ ಮಾತ್ರ ಅಲ್ಲ. 2021ರ ನವೆಂಬರ್‌ನಲ್ಲಿ ಅಡೆಲ್ ‘30’ ಬಿಡುಗಡೆ ಮಾಡಿದಾಗ, ಆಲ್ಬಂ ಪುಟದಲ್ಲಿ ಶಫಲ್ ಗುಂಡಿಯೇ ಮೊದಲು ಕಾಣುವುದು ಸರಿಯಲ್ಲ ಅಂದರು. ನಾವು ಯೋಚನೆ ಮಾಡಿಯೇ ಹಾಡುಗಳನ್ನು ಜೋಡಿಸಿರುತ್ತೇವೆ ಅಂತ. ಸ್ಪಾಟಿಫೈ ಆ್ಯಪ್ ಬದಲಾಯಿಸಿತು. ನಿನ್ನ ಪೀಳಿಗೆಯೂ ಕೇಳುವ ಗಾಯಕಿ ತಾನೇ?

ಸ್ಕಿಪ್ ಸುಬ್ಬ

ಅದು ಸರಿ. ಆದರೂ ನಾನು ಅದರಲ್ಲಿ ಕೇಳಿದ್ದು ಒಂದೇ ಹಾಡು 😅

ಶಿರಸಿ ಕಡೆಯವಳು

ನನ್ನದು ಫ್ಲೀಟ್‌ವುಡ್ ಮ್ಯಾಕ್, ‘ರೂಮರ್ಸ್’, 1977. ಐದು ಜನರ ಬ್ಯಾಂಡು. ಜಾನ್ ಮತ್ತು ಕ್ರಿಸ್ಟೀನ್ ಮ್ಯಾಕ್‌ವೀ ಗಂಡ ಹೆಂಡತಿ, ಆಗಷ್ಟೇ ಬೇರೆಯಾಗಿದ್ದರು. ಲಿಂಡ್ಸೆ ಬಕಿಂಗ್‌ಹ್ಯಾಮ್ ಮತ್ತು ಸ್ಟೀವಿ ನಿಕ್ಸ್ ಜೋಡಿಯೂ ಮುರಿದಿತ್ತು. ಡ್ರಮ್ಮರ್ ಮಿಕ್ ಮನೆಯಲ್ಲೂ ಡೈವೋರ್ಸ್. ಅಂಥವರೆಲ್ಲ ದಿನಾ ಒಂದೇ ಕೋಣೆಯಲ್ಲಿ ಕೂತು ಒಬ್ಬರ ಮೇಲೆ ಒಬ್ಬರು ಹಾಡು ಕಟ್ಟಿದರು. ಬೈದು ಬರೆದ ಹಾಡಿಗೆ ಬೈಸಿಕೊಂಡವರೇ ದನಿಗೂಡಿಸಬೇಕು! ಲಿಂಡ್ಸೆ ‘ಗೋ ಯುವರ್ ಓನ್ ವೇ’ ಬರೆದ. ಸ್ಟೀವಿ ‘ಡ್ರೀಮ್ಸ್’ ಬರೆದಳು. ಎರಡನ್ನೂ ಒಂದೇ ಸೈಡಿನಲ್ಲಿ ಕೇಳಿದರೆ ಪಕ್ಕದ ಮನೆಯ ಜಗಳ ಗೋಡೆಯಾಚೆಯಿಂದ ಕೇಳಿದ ಹಾಗಿರುತ್ತದೆ. ಒಂದೊಂದೇ ಕೇಳಿದರೆ ಸುಮ್ನೆ ಚೆಂದದ ಹಾಡು, ಅಷ್ಟೇ.

ಥ್ರಿಲ್ಲರ್‌ನಲ್ಲಿ ಗೀರಿನ ವಿಷಯ ಹೇಳಿದಿರಲ್ಲ, ಇಲ್ಲಿ ಅದು ಮನಸ್ಸನ್ನೇ ಮುರಿಯಿತು. ಸ್ಟೀವಿಯ ‘ಸಿಲ್ವರ್ ಸ್ಪ್ರಿಂಗ್ಸ್’ ಉದ್ದ ಆಯಿತು, ಎಲ್‌ಪಿಯಲ್ಲಿ ಹಿಡಿಸುವುದಿಲ್ಲ ಅಂತ ತೆಗೆದು ಹಾಕಿದರು. ಅವಳು ಕೂಗಾಡಿದಳು, ಉಪಯೋಗವಾಗಲಿಲ್ಲ. ಕೊನೆಗೆ ಆ ಹಾಡನ್ನು ಎಲ್ಲಿಗೆ ಹಾಕಿದರು ಗೊತ್ತಾ? ‘ಗೋ ಯುವರ್ ಓನ್ ವೇ’ ಸಿಂಗಲ್ಲಿನ (ಸಣ್ಣ ತಟ್ಟೆಯ) ಹಿಂಬದಿಗೆ. ಅವನ ಬೈಗುಳದ ಬೆನ್ನಿಗೇ!

ಇನ್ನೊಂದು ಹೇಳಿಬಿಡುತ್ತೇನೆ. ತಿಂಗಳುಗಟ್ಟಲೆ ಅದೇ ಟೇಪನ್ನು ಹಾಕಿ ಹಾಕಿ ಅದು ಸವೆದು ಹೋಗಿತ್ತು. ಡ್ರಮ್ಸು ಮಂಕಾಗಿತ್ತು. ಅದೃಷ್ಟಕ್ಕೆ ಮೊದಲ ರೆಕಾರ್ಡಿಂಗಿನ ಇನ್ನೊಂದು ಪ್ರತಿ ಮುಟ್ಟದೆ ಇಟ್ಟಿದ್ದರು. ಎರಡು ಯಂತ್ರಗಳನ್ನು ಜೊತೆಗೆ ಓಡಿಸಿ, ಹೆಡ್‌ಫೋನಿನ ಒಂದು ಕಿವಿಗೆ ಹಳೆಯದು, ಇನ್ನೊಂದು ಕಿವಿಗೆ ಹೊಸದು. ಒಂದು ಮುಂದೆ ಹೋದರೆ ಕೈಯಲ್ಲೇ ಅದರ ವೇಗ ತಗ್ಗಿಸಿ ಹೊಂದಿಸಿದರು. ಹಾಡಿನಿಂದ ಹಾಡಿಗೆ ಹೀಗೇ. ನಾವು ಕೇಳುತ್ತಿರುವುದು ಆ ತೇಪೆ ಹಾಕಿದ ಟೇಪನ್ನು.

ಬೂಟಿನ ಡಬ್ಬ

ಅಕ್ಕಾ, ಹೆಡ್‌ಫೋನಿನ ವಿಷಯ ಗೊತ್ತಿರಲಿಲ್ಲ. ಇವತ್ತು ರಾತ್ರಿ ಮತ್ತೆ ಕೇಳುತ್ತೇನೆ.

ಹುಬ್ಬಳ್ಳಿ ಪ್ಲಾಟ್‌ಫಾರ್ಮ್

ಹಿಪ್-ಹಾಪ್ ಯಾರೂ ಮುಟ್ಟಲಿಲ್ಲ ನೋಡ್ರಿ. ನಾಸ್ ಅನ್ನುವ ರ‍್ಯಾಪರ್, ‘ಇಲ್ಮ್ಯಾಟಿಕ್’, 1994ರ ಏಪ್ರಿಲ್. ಹುಡುಗನಿಗೆ ಆಗ ಇಪ್ಪತ್ತು. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನು. ಹತ್ತು ಟ್ರ್ಯಾಕು, ನಲವತ್ತು ನಿಮಿಷ. ಒಂದು ಮಾತು ಹೆಚ್ಚಿಲ್ಲ.

ಅವನು ಬೆಳೆದ ನ್ಯೂಯಾರ್ಕಿನ ಕ್ವೀನ್ಸ್‌ಬ್ರಿಜ್ ಅಂದರೆ ಸರ್ಕಾರಿ ವಸತಿ. 3,000ಕ್ಕೂ ಹೆಚ್ಚು ಮನೆ ಇರುವ ದೊಡ್ಡ ಕಾಲೊನಿ. ಆಲ್ಬಂ ಶುರುವಾಗುವುದು ರೈಲಿನ ಸದ್ದಿನಿಂದ. ನಾನು ರೇಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವನು, ನನಗೆ ಅಷ್ಟೇ ಸಾಕಾಯಿತು. ಸೈಡುಗಳಿಗೂ ಎ, ಬಿ ಅಂತ ಹೆಸರಿಲ್ಲ. ಒಂದು ‘40ತ್ ಸೈಡ್ ನಾರ್ತ್’, ಇನ್ನೊಂದು ‘41ಸ್ಟ್ ಸೈಡ್ ಸೌತ್’. ಅವನ ಕಾಲೊನಿಯ ಎರಡು ಬದಿ. ಕ್ಯಾಸೆಟ್ ತಿರುಗಿಸಿದರೆ ಬೀದಿಯ ಆಚೆ ಬದಿಗೆ ದಾಟಿದ ಹಾಗೆ. ಇದನ್ನು ಶಫಲ್ ಹಾಕಿ ಕೇಳಿದರೆ ಅಡ್ರೆಸ್ ತಪ್ಪುತ್ತದೆ ತಮ್ಮಾ ಸುಬ್ಬ!

‘ಎನ್.ವೈ. ಸ್ಟೇಟ್ ಆಫ್ ಮೈಂಡ್’ ಶುರುವಿಗೆ ಕಿವಿ ಕೊಟ್ಟು ಕೇಳ್ರಿ. ಡಿಜೆ ಪ್ರೀಮಿಯರ್ ಬೀಟ್ ಬಿಟ್ಟಿರುತ್ತಾರೆ. ಹುಡುಗ ‘ಹೆಂಗ ಶುರು ಮಾಡಬೇಕೋ ಗೊತ್ತಾಗವಲ್ದು’ ಅನ್ನುವ ಅರ್ಥದಲ್ಲಿ ಗೊಣಗುತ್ತಾನೆ. ಮರುಕ್ಷಣ ಶುರು ಮಾಡಿ ಉಸಿರು ಬಿಡದೆ ಸುರಿಯುತ್ತಾನೆ. ಆ ಗೊಣಗಾಟವನ್ನು ತೆಗೆಯದೆ ಹಾಗೇ ಬಿಟ್ಟಿದ್ದು ಭಾಳ ಛಲೋ ಆತು. ಮುಂದಿನ ಹಾಡಿನ ಕೊನೆಗೆ ಕಾರ್ನೆಟ್ (ಕಹಳೆಯಂಥ ವಾದ್ಯ) ಊದುವವರು ಅವನ ತಂದೆ, ಓಲು ದಾರಾ. ಎರಡನೇ ಸೈಡಿನ ‘ಒನ್ ಲವ್’ ಹಾಡು ಜೈಲಿನಲ್ಲಿರುವ ಗೆಳೆಯರಿಗೆ ಬರೆದ ಕಾಗದ. ಊರಿನ ಸುದ್ದಿ, ಯಾರು ಹೋದರು, ಯಾರು ಕೈಕೊಟ್ಟರು, ಎಲ್ಲಾ.

ಇಂಗ್ಲಿಷ್ ಪೂರ್ತಿ ಅರ್ಥ ಆಗಲಿಲ್ಲ ಅಂದರೆ ಹೆದರಬೇಡ್ರಿ. ನನಗೂ ಮೂರು ವರ್ಷ ಹಿಡಿಯಿತು.

ಹಾಜರಿ ಪುಸ್ತಕ

ತುಮಕೂರು ಕಡೆ ಹೈಸ್ಕೂಲಿನಲ್ಲಿ ಮೇಷ್ಟರು ನಾನು. ನನ್ನ ಆಯ್ಕೆಗೆ ನನ್ನ ಕೆಲಸವೇ ಕಾರಣ. ಲಾರಿನ್ ಹಿಲ್, ‘ದಿ ಮಿಸ್‌ಎಜುಕೇಶನ್ ಆಫ್ ಲಾರಿನ್ ಹಿಲ್’, 1998.

ಮೊದಲಿಗೆ ಬೆಲ್ ಹೊಡೆಯುತ್ತದೆ. ಮೇಷ್ಟರು ಹಾಜರಿ ಕೂಗುತ್ತಾರೆ. ಮಕ್ಕಳು ಒಬ್ಬೊಬ್ಬರಾಗಿ ಓಗೊಡುತ್ತಾರೆ. ‘ಲಾರಿನ್ ಹಿಲ್’. ಉತ್ತರ ಇಲ್ಲ. ಮತ್ತೆ ಕೂಗುತ್ತಾರೆ. ಇಲ್ಲ. ಆಮೇಲೆ ಹಾಡು ಶುರು.

ಪ್ರತಿ ದಿನ ಬೆಳಿಗ್ಗೆ ನಾನು ಮಾಡುವ ಕೆಲಸ ಅದು. ಉತ್ತರ ಬರದ ಹೆಸರಿನ ಮುಂದೆ ಒಂದು ‘ಗೈ’ ಬರೆದು ಮುಂದಕ್ಕೆ ಹೋಗುತ್ತೇನೆ. ಈ ಆಲ್ಬಂ ಆ ‘ಗೈ’ ಆದ ಹುಡುಗಿ ಎಲ್ಲಿಗೆ ಹೋದಳು, ಹೊರಗೆ ಏನು ಕಲಿತಳು ಅಂತ ಹೇಳುತ್ತದೆ. ಹಾಡುಗಳ ನಡುನಡುವೆ ಮತ್ತೆ ಕ್ಲಾಸಿಗೆ ಬರುತ್ತೇವೆ. ಪ್ರೀತಿ ಅಂದರೇನು ಅಂತ ಮೇಷ್ಟರು ಕೇಳುತ್ತಾರೆ, ಮಕ್ಕಳು ನಗುತ್ತಾ, ವಾದ ಮಾಡುತ್ತಾ ಉತ್ತರ ಕೊಡುತ್ತಾರೆ. ಆ ಮೇಷ್ಟರ ದನಿ ರಾಸ್ ಬರಾಕಾ ಅವರದು. ಮುಂದೆ ಅವರು ನ್ಯೂಆರ್ಕ್ ನಗರದ ಮೇಯರ್ ಆದರು. ಕೆಲವರು ಆ ಮಾತುಕತೆ ಹಾರಿಸಿ ಹಾಡು ಮಾತ್ರ ಕೇಳುತ್ತಾರೆ. ಅವರಿಗೆ ನಾನು ಹಾಜರಿ ಕೊಡುವುದಿಲ್ಲ.

‘ಟು ಜಾಯನ್’ ಅವರು ಮಗನ ಮೇಲೆ ಕಟ್ಟಿದ ಹಾಡು. ಗಿಟಾರ್ ಕಾರ್ಲೋಸ್ ಸಂತಾನಾ. 1999ರಲ್ಲಿ ವರ್ಷದ ಆಲ್ಬಂ ಗ್ರ್ಯಾಮಿ ಇದಕ್ಕೇ ಬಂತು. ಹಿಪ್-ಹಾಪ್‌ಗೆ ಅದು ಮೊದಲ ಸಲ.

ಶಿರಸಿ ಕಡೆಯವಳು

ಮೇಷ್ಟ್ರೇ, ಕೊನೆಯ ಬೆಂಚಿನಿಂದ ಒಂದು ಪ್ರಶ್ನೆ. ಆ ಆಲ್ಬಂನಲ್ಲಿ ಕೆಲಸ ಮಾಡಿದ ಕೆಲವು ಸಂಗೀತಗಾರರು ನಮ್ಮ ಹೆಸರು ಹಾಕಲಿಲ್ಲ ಅಂತ ಕೇಸು ಹಾಕಿದ್ದರಲ್ಲ?

ಹಾಜರಿ ಪುಸ್ತಕ

ಹಾಕಿದ್ದರು. 2001ರಲ್ಲಿ ಕೋರ್ಟಿನ ಹೊರಗೆ ಇತ್ಯರ್ಥವಾಯಿತು. ಆಲ್ಬಂ ಇಷ್ಟ ಅಂತ ಅದನ್ನು ಮುಚ್ಚಿಡುವುದಿಲ್ಲ. ಮೇಲೆ ಕ್ಲೇರ್ ಟೋರಿಯವರ ಕತೆಯೂ ಹೆಚ್ಚುಕಮ್ಮಿ ಅದೇ ಅಲ್ವಾ?

ಹಾಸ್ಟೆಲ್ ರೂಮ್ 14

ನಿರ್ವಾಣ ಬ್ಯಾಂಡಿನ ‘ನೆವರ್‌ಮೈಂಡ್’, 1991. ಕಾರಣ ದೊಡ್ಡದೇನಿಲ್ಲ, ಭಯಪಟ್ಟಿದ್ದೆ ಅಷ್ಟೇ.

ಹಾಸ್ಟೆಲಿನಲ್ಲಿ ಸೀನಿಯರ್ ಒಬ್ಬರ ಸಿಡಿ ಎರವಲು ತಂದು ರಾತ್ರಿ ಕೇಳುತ್ತಿದ್ದೆ. ಕೊನೆಯ ಹಾಡು ‘ಸಮ್‌ಥಿಂಗ್ ಇನ್ ದಿ ವೇ’. ಮೆಲ್ಲಗೆ, ಗೊಣಗಿದ ಹಾಗೆ ಹಾಡಿ ಮುಗಿಯುತ್ತದೆ. ಮುಗಿಯಿತು ಅಂತ ಹೆಡ್‌ಫೋನ್ ತೆಗೆಯದೆ ಹಾಗೇ ನಿದ್ದೆ ಹೋದೆ. ಸುಮಾರು ಹತ್ತು ನಿಮಿಷ ಸಿಡಿ ಸದ್ದಿಲ್ಲದೆ ಓಡುತ್ತದೆ. ಆಮೇಲೆ ಏನೂ ಹೇಳದೆ ಕೇಳದೆ ಗಿಟಾರು, ಡ್ರಮ್ಸು, ಕಿರುಚಾಟ ಎಲ್ಲಾ ಒಟ್ಟಿಗೆ. ಮಂಚದಿಂದ ಬಿದ್ದೆ. ಅದು ‘ಎಂಡ್‌ಲೆಸ್, ನೇಮ್‌ಲೆಸ್’ ಅನ್ನುವ ಹಾಡು. ಕವರಿನ ಮೇಲೆ ಹೆಸರಿರಲಿಲ್ಲ. ಮೊದಲು ಅಚ್ಚಾದ ಪ್ರತಿಗಳಲ್ಲಿ ಅದು ಕೈತಪ್ಪಿ ಬಿಟ್ಟು ಹೋಗಿತ್ತಂತೆ. ಅಂಥ ಪ್ರತಿ ಸಿಕ್ಕಿದ್ದರೆ ನನ್ನ ಮೊಣಕೈ ಉಳಿಯುತ್ತಿತ್ತು.

ನಾಯಿಗೆ ಗೊತ್ತು

ಮೊಣಕೈಯವರಿಗೆ ಸಂತಾಪ. ಅದಕ್ಕಿಂತ ಹಳೇ ಕಿತಾಪತಿ ಬೀಟಲ್ಸ್‌ನವರದು. ‘ಸಾರ್ಜೆಂಟ್ ಪೆಪರ್ಸ್’, 1967. ಎಲ್‌ಪಿಯ ಕೊನೆಯಲ್ಲಿ ನಾಯಿಗಳಿಗೆ ಮಾತ್ರ ಚೆನ್ನಾಗಿ ಕೇಳಲಿ ಅಂತ 15 ಕಿಲೋಹರ್ಟ್ಸ್‌ನ ಸಿಳ್ಳೆ ಇಟ್ಟಿದ್ದಾರೆ. ಸಿಡಿಯಲ್ಲೂ ಉಳಿಸಿದರು. ನಮ್ಮನೆಯಲ್ಲಿ ಹಾಕಿದೆ. ಐವತ್ತು ದಾಟಿದ ನನಗೆ ಏನೂ ಕೇಳಲಿಲ್ಲ. ಮಗಳು ಕಿವಿ ಮುಚ್ಚಿಕೊಂಡಳು. ನಾಯಿ ಎದ್ದು ಬಂದು ಸ್ಪೀಕರಿನ ಮುಂದೆ ತಲೆ ವಾಲಿಸಿ ಕೂತಿತು. ಈಗ ಕೊನೆಯ ಹಾಡಿನ ಪಿಯಾನೋ ಶುರುವಾದರೇ ಸಾಕು, ಬಂದು ಕೂರುತ್ತದೆ.

ಕ್ರಮದ ಪ್ರಶ್ನೆಗೆ ಉತ್ತರ: ಎರಡನೇ ಸೈಡಿನ ಮೊದಲ ಹಾಡು. ಜಾರ್ಜ್ ಹ್ಯಾರಿಸನ್ ಅವರ ‘ವಿದಿನ್ ಯೂ ವಿದೌಟ್ ಯೂ’. ದಿಲ್‌ರುಬಾ, ತಬಲಾ, ತಂಬೂರ. ನುಡಿಸಿದವರು ಲಂಡನ್ನಿನಲ್ಲಿದ್ದ ಭಾರತೀಯ ಸಂಗೀತಗಾರರು. ಉಳಿದ ಮೂವರು ಬೀಟಲ್ಸ್ ಇದರಲ್ಲಿ ಇಲ್ಲವೇ ಇಲ್ಲ. ಐದು ನಿಮಿಷ ಗಂಭೀರವಾಗಿ ಹಾಡಿ, ಕೊನೆಗೆ ಜನ ಗೊಳ್ಳೆಂದು ನಕ್ಕ ಸದ್ದು ಹಾಕಿದ್ದಾರೆ. ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುವುದು ಅಂದರೆ ಇದು.

ಮಿಶ್ರಛಾಪು

ಒಂದು ಅಡ್ಡ ಮಾತು. ನಾವೂ ಆಲ್ಬಂ ಕೇಳಿಯೇ ಬೆಳೆದವರು, ಹಾಗಂತ ಹೆಸರಿಟ್ಟಿರಲಿಲ್ಲ. 1978ರಲ್ಲಿ ಬಂದ ‘ನಿತ್ಯೋತ್ಸವ’ ಕ್ಯಾಸೆಟ್ ನಮ್ಮಪ್ಪ ಒಂದು ಹಾಡೂ ಬಿಡದೆ ಕೇಳುತ್ತಿದ್ದರು. ನಿಸಾರ್ ಅಹಮದ್ ಅವರ ಪದ್ಯ, ಮೈಸೂರು ಅನಂತಸ್ವಾಮಿ ಅವರ ಸಂಗೀತ. ನಡುವೆ ಯಾರಾದರೂ ಮಾತಾಡಿದರೆ ಮೊದಲಿಂದ ಹಾಕುತ್ತಿದ್ದರು. 2008ರಲ್ಲಿ ರಘು ದೀಕ್ಷಿತ್ ಅವರ ಮೊದಲ ಆಲ್ಬಂನಲ್ಲಿ ಶರೀಫರ ‘ಗುಡುಗುಡಿಯ ಸೇದಿ ನೋಡೋ’ ಗಿಟಾರಿನ ಜೊತೆ ಇತ್ತು, ಅಪ್ಪನಿಗೆ ಕೇಳಿಸಿದೆ. ‘ಶರೀಫಜ್ಜ ಇದನ್ನೂ ಒಪ್ಪುತ್ತಿದ್ದ’ ಅಂದರು.

ಆಸ್ಟಿನ್ ಕನ್ನಡಿಗ

ತಡವಾಗಿ ಬಂದೆ, ಕ್ಷಮಿಸಿ. ಸುಬ್ಬನಿಗಾಗಿಯೇ ಬರೆಯುತ್ತಿದ್ದೇನೆ. ಕ್ಯಾಸೆಟ್ ಕಾಲದ್ದಲ್ಲ, 2015ರದು. ರ‍್ಯಾಪರ್ ಕೆಂಡ್ರಿಕ್ ಲಮಾರ್, ‘ಟು ಪಿಂಪ್ ಅ ಬಟರ್‌ಫ್ಲೈ’. ಸ್ಕಿಪ್ ಮಾಡುವುದು ಸಲೀಸಾದ ಕಾಲದಲ್ಲೇ, ಸ್ಕಿಪ್ ಮಾಡಿದರೆ ಅರ್ಥವೇ ಆಗದ ಆಲ್ಬಂ ಮಾಡಿದರು. 16 ಹಾಡು, 79 ನಿಮಿಷ.

ಮೂರನೇ ಹಾಡು ‘ಕಿಂಗ್ ಕುಂಟಾ’ ಮುಗಿಯುವಾಗ ಒಂದು ಪದ್ಯದ ಮೊದಲ ಮಾತು ಹೇಳಿ ನಿಲ್ಲಿಸುತ್ತಾರೆ. ಯಾಕೆ ಹೇಳಿದರು ಗೊತ್ತಾಗುವುದಿಲ್ಲ. ಇನ್ನೊಂದು ಹಾಡಾದ ಮೇಲೆ ಅದೇ ಪದ್ಯ ಮತ್ತೆ ಮೊದಲಿಂದ, ಈ ಸಲ ಸ್ವಲ್ಪ ಜಾಸ್ತಿ. ಮುಂದೆ ಇನ್ನಷ್ಟು. ಅಜ್ಜಿ ಕತೆ ಹೇಳುವಾಗ ಹಿಂದಿನ ದಿನದ್ದನ್ನು ಹೇಳಿ ಮುಂದುವರಿಸುತ್ತಿದ್ದರಲ್ಲ, ಹಾಗೆ. ನಡುವೆ ‘ಯೂ’ ಅನ್ನುವ ಹಾಡಿದೆ. ಹೋಟೆಲ್ ರೂಮಿನಲ್ಲಿ ಕುಡಿದು, ಅಳುತ್ತಾ ತನ್ನನ್ನೇ ಬೈದುಕೊಳ್ಳುತ್ತಾರೆ. ಬಾಟಲಿಯ ಸದ್ದೂ ಕೇಳುತ್ತದೆ. ಕೇಳುವುದು ಕಷ್ಟ. ಅದರ ಮರುಹಾಡೇ ‘ಆಲ್ರೈಟ್’. ಆ ‘ಆಲ್ರೈಟ್’ ನೀನು ಜಿಮ್ಮಿನಲ್ಲಿ ಕೇಳಿರುತ್ತೀಯ. ‘ಯೂ’ ಆದಮೇಲೆ ಕೇಳಿ ನೋಡು. ಎದೆ ತಟ್ಟಿಕೊಂಡು ಹೇಳುವ ಮಾತಲ್ಲ ಅದು, ಬಿದ್ದವನು ಗೋಡೆ ಹಿಡಿದು ಎದ್ದು ಹೇಳುವ ಮಾತು.

ಹಿಂದೆ ಕಮಾಸಿ ವಾಷಿಂಗ್‌ಟನ್ ಸ್ಯಾಕ್ಸೋಫೋನ್, ಥಂಡರ್‌ಕ್ಯಾಟ್ ಬೇಸ್. ಅರ್ಧ ಜಾಝ್. ಮೊದಲ ಸಲ ನನಗೆ ತಲೆನೋವೇ ಬಂತು, ಸುಳ್ಳು ಯಾಕೆ ಹೇಳಲಿ.

ಕೊನೆಯ ಹಾಡು ‘ಮಾರ್ಟಲ್ ಮ್ಯಾನ್’, ಹನ್ನೆರಡು ನಿಮಿಷ. ಅಲ್ಲಿ ಪದ್ಯ ಪೂರ್ತಿಯಾಗುತ್ತದೆ. ಅಷ್ಟು ಹೊತ್ತು ಯಾರಿಗೆ ಓದಿ ಹೇಳುತ್ತಿದ್ದರು ಅನ್ನುವುದೂ ಆಗಲೇ ಗೊತ್ತಾಗುವುದು. ಟುಪಾಕ್‌ಗೆ. 1996ರಲ್ಲಿ ತೀರಿಹೋದ ರ‍್ಯಾಪರ್ ಟುಪಾಕ್! 1994ರಲ್ಲಿ ಸ್ವೀಡನ್ನಿನ ರೇಡಿಯೋಗೆ ಅವರು ಕೊಟ್ಟಿದ್ದ ಸಂದರ್ಶನದ ದನಿ ತೆಗೆದು, ಕೆಂಡ್ರಿಕ್ ತಮ್ಮ ಪ್ರಶ್ನೆಗಳ ನಡುವೆ ಇಟ್ಟಿದ್ದಾರೆ. ಇಬ್ಬರೂ ಎದುರುಬದುರು ಕೂತು ಮಾತಾಡಿದ ಹಾಗಿದೆ. ಕೊನೆಗೆ ಏನಾಗುತ್ತದೆ ಅಂತ ಹೇಳುವುದಿಲ್ಲ. ಕೇಳಿ ಬಂದು ಬರೆ.

ಹುಬ್ಬಳ್ಳಿ ಪ್ಲಾಟ್‌ಫಾರ್ಮ್

ಯಾರೂ ಹೇಳಬ್ಯಾಡ್ರಿ ಮತ್ತ. ತಮ್ಮ ಕೇಳಿ ಬರಲಿ.

ಮೆಟಲ್ ಮಾವ

ಅಷ್ಟರಲ್ಲಿ ನನ್ನದೊಂದು. ಮೆಟಾಲಿಕಾ ಬ್ಯಾಂಡಿನ ‘ಮಾಸ್ಟರ್ ಆಫ್ ಪಪೆಟ್ಸ್’, 1986. ಬೇಸ್ ಗಿಟಾರ್ ನುಡಿಸುತ್ತಿದ್ದ ಕ್ಲಿಫ್ ಬರ್ಟನ್ ಅವರ ಕೊನೆಯ ಆಲ್ಬಂ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸ್ವೀಡನ್ನಿನಲ್ಲಿ ಬಸ್ ಅಪಘಾತದಲ್ಲಿ ಹೋದರು. ಏಳನೇ ಹಾಡು ‘ಓರಾಯನ್’ ಮಾತಿಲ್ಲದ್ದು. ನಡುವೆ ಎಲ್ಲ ನಿಂತು ಬೇಸ್ ಒಂದೇ ನಡೆಯುತ್ತದೆ. ಆರು ಹಾಡಿನ ಗಲಾಟೆ ದಾಟಿ ಅಲ್ಲಿಗೆ ಬಂದರೇ ಅದರ ಬೆಲೆ ಗೊತ್ತಾಗುವುದು. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರು ನುಡಿಸಿದಾಗ ನಾನಿದ್ದೆ. ಕತ್ತು ಮೂರು ದಿನ ತಿರುಗಲಿಲ್ಲ.

ಸ್ಕಿಪ್ ಸುಬ್ಬ

ಕೇಳಿದೆ. ಪೂರ್ತಿ.

ಎರಡು ಕಂತಿನಲ್ಲಿ ಕೇಳೋಣ ಅಂತ ಶನಿವಾರ ಬೆಂಗಳೂರಿನಿಂದ ಹಾಸನದ ಬಸ್ಸು ಹತ್ತಿದಾಗ ಶುರು ಮಾಡಿದೆ. ‘ಯೂ’ ಬಂದಾಗ ಬೆರಳು ಸ್ಕಿಪ್ ಮೇಲೆ ಹೋಗಿತ್ತು, ನಿಜ. ಆಸ್ಟಿನ್ ಅಣ್ಣ ಬೈಯುತ್ತಾರೆ ಅಂತ ತಡೆದುಕೊಂಡೆ. ‘ಆಲ್ರೈಟ್’ ಬಗ್ಗೆ ನೀವು ಹೇಳಿದ್ದು ಸರಿ. ಇನ್ನು ಜಿಮ್ ಲಿಸ್ಟಿನಲ್ಲಿ ಅದನ್ನು ಇಡಬೇಕೋ ಬೇಡವೋ ಗೊತ್ತಾಗುತ್ತಿಲ್ಲ. ಕುಣಿಗಲ್ ದಾಟಿದ ಮೇಲೆ ಕಂತು ಗಿಂತು ಮರೆತೇ ಹೋಯಿತು.

ಕೊನೆಗೆ ಅವರು ಇನ್ನೊಂದು ಪದ್ಯ ಓದುತ್ತಾರೆ. ಕಂಬಳಿಹುಳ, ಚಿಟ್ಟೆಯದು. ಓದಿ, ನಿಮಗೇನನ್ನಿಸುತ್ತದೆ ಅಂತ ಟುಪಾಕ್‌ನ ಕೇಳುತ್ತಾರೆ. ಉತ್ತರ ಇಲ್ಲ. ‘ಪ್ಯಾಕ್?’ ಅಂತಾರೆ. ಇಲ್ಲ. ಮತ್ತೆ ಕರೆಯುತ್ತಾರೆ. ಮೇಷ್ಟ್ರು ಹೇಳಿದ ಹಾಜರಿ ನೆನಪಾಯಿತು.

ಆಗ ನೋಡಿ, ಒಂದು ಸೆಕೆಂಡೂ ಬಿಡದೆ ಆ್ಯಪ್ ತನ್ನಷ್ಟಕ್ಕೆ ತಾನೇ ಯಾವುದೋ ಮದುವೆ ಡ್ಯಾನ್ಸ್ ಹಾಡು ಶುರು ಮಾಡಿತು. ಫೋನ್ ಕಿಟಕಿಯಿಂದ ಎಸೆಯಬೇಕು ಅನ್ನಿಸಿತು. ಆಲ್ಬಂ ಮುಗಿದ ಮೇಲೆ ಸುಮ್ಮನಿರುವ ಹಾಗೆ ಮಾಡುವುದು ಹೇಗೆ?

ಬೂಟಿನ ಡಬ್ಬ

ಸೆಟ್ಟಿಂಗ್ಸ್‌ಗೆ ಹೋಗು. ಪ್ಲೇಬ್ಯಾಕ್ ಅಂತ ಇರುತ್ತದೆ. ಅದರಲ್ಲಿ ಆಟೋಪ್ಲೇ ಆಫ್ ಮಾಡು. ಅಲ್ಲೇ ಕ್ರಾಸ್‌ಫೇಡ್ (ಒಂದು ಹಾಡು ಇನ್ನೊಂದರೊಳಗೆ ಕರಗುವುದು) ಇದ್ದರೆ ಸೊನ್ನೆಗೆ ಇಡು. ಡಾರ್ಕ್ ಸೈಡ್ ಕೇಳುವ ಮುಂಚೆ ಗ್ಯಾಪ್‌ಲೆಸ್ ಆನ್ ಇದೆಯಾ ನೋಡಿಕೋ. ಇಲ್ಲದಿದ್ದರೆ ಹಾಡು ಹಾಡಿಗೂ ನಡುವೆ ಕಚ್ ಅಂತ ಕತ್ತರಿ ಬೀಳುತ್ತದೆ. ನಮ್ಮೂರಿನ ಆ ಅಂಗಡಿಯವನು ಹಾಕಿದ ಹಾಗೇ.

ಭಾನುವಾರ ವಾಪಸ್ ಬರುವಾಗ ಯಾವುದು ಕೇಳುತ್ತೀಯ?

ಸ್ಕಿಪ್ ಸುಬ್ಬ

ಇಲ್ಮ್ಯಾಟಿಕ್. ನಲವತ್ತೇ ನಿಮಿಷ ಅಲ್ವಾ, ಎರಡು ಸಲ ಆಗುತ್ತದೆ.